ಪಿ.ಟಿ. ಮಾಸ್ತರರ ಆರು ಸಾಲು

ಕಳೆದ ತಿಂಗಳು ನಮ್ಮ ರೋಣದ ಶಾಲೆಯಿಂದ ಪಿ.ಟಿ. ಮಾಸ್ತರರು ನಿವೃತ್ತರಾದರು. ಬೀಳ್ಕೊಡುವ ಸಮಾರಂಭದಲ್ಲಿ ಏಳು ಮಂದಿ ಭಾಷಣ ಮಾಡಿದರು. ಏಳೂ ಮಂದಿ ಅವರನ್ನು ಶಿಸ್ತಿನ ಸಿಪಾಯಿ ಎಂದರು. ಮಾಸ್ತರರು ಬಡೇಸೋಪಿನ ಕಾಳು ಅಗಿಯುತ್ತ, ಯಾರೋ ಪರವೂರಿನವರ ಸುದ್ದಿ ಕೇಳುವ ಹಾಗೆ ಕೇಳಿಕೊಂಡು ಕೂತಿದ್ದರು. ಹದಿನಾಲ್ಕು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತ ನನ್ನನ್ನು ಮಾತ್ರ ಯಾರೂ ಮಾತಾಡಲು ಕರೆಯಲಿಲ್ಲ. ಕರೆಯದಿರಲು ಕಾರಣವಿತ್ತು. ಆ ಕಾರಣವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎತ್ತರದ, ತೆಳ್ಳನೆಯ ಮನುಷ್ಯ. ಎಡಗಿವಿ ಅಷ್ಟಾಗಿ ಕೇಳಿಸುತ್ತಿರಲಿಲ್ಲ. ಮೂವತ್ತು ವರ್ಷ ಸೀಟಿ ಊದಿದ ಫಲ ಎಂದು ಅವರೇ ಹೇಳುತ್ತಿದ್ದರು. ಹಾಗಾಗಿ ಫೋನು ಬಂದರೆ ಸ್ಪೀಕರ್ ಹಾಕಿಯೇ ಮಾತು. ಅವರ ಮನೆಯಲ್ಲಿ ಇವತ್ತು ಯಾವ ಪಲ್ಯ, ಮಗಳು ತವರಿಗೆ ಎಂದು ಬರುತ್ತಾಳೆ ಎಂಬುದೆಲ್ಲ ಸ್ಟಾಫ್ ರೂಮಿಗೆ ಗೊತ್ತಿರುತ್ತಿತ್ತು. ಅವರ ದನಿ ಮಾತ್ರ ಸಣ್ಣದು. ಮೈದಾನದಲ್ಲಿ ಅವರು ಕೂಗಿದ್ದನ್ನು ನಾನು ಕೇಳಿಲ್ಲ. ಮಕ್ಕಳೇ ಓಡಿ ಹತ್ತಿರ ಬರಬೇಕು, ಹತ್ತಿರ ಬಂದವರಿಗೆ ಆ ಸಣ್ಣ ದನಿಯಲ್ಲೇ ಒಂದು ಚುಚ್ಚು ಮಾತು ಸಿಗುತ್ತಿತ್ತು. ನಾನು ಗಣಿತ ಕಲಿಸುತ್ತೇನೆಂದು ನನ್ನನ್ನು ‘ಗಣಿತಜ್ಞರ’ ಎಂದು ಕರೆಯುತ್ತಿದ್ದರು. ಮೊದಲ ವರ್ಷ ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಅವರ ನೌಕರಿ ನರಗುಂದದಲ್ಲಿ ಶುರುವಾಗಿ, ನಡುವೆ ಕೆಲವು ವರ್ಷ ಗಜೇಂದ್ರಗಡದಲ್ಲಿ ಕಳೆದು, ರೋಣದಲ್ಲಿ ಮುಗಿಯಿತು. ಗಜೇಂದ್ರಗಡದಲ್ಲಿದ್ದಾಗ ಬಟ್ಟೆ ಅಂಗಡಿಯವರೊಬ್ಬರು ಮಗನಿಗೆ ಆಟದ ಸರ್ಟಿಫಿಕೇಟು ಬೇಕೆಂದು ಬೆನ್ನು ಬಿದ್ದರಂತೆ. ಆ ಹುಡುಗ ತಾಲೂಕು ಕ್ರೀಡಾಕೂಟಕ್ಕೆ ಹೋದದ್ದು ನೋಡಲು, ಆಡಲು ಅಲ್ಲ. ಮಾಸ್ತರರು ಒಂದೇ ಮಾತಿಗೆ ಒಪ್ಪಿ ಬರೆದುಕೊಟ್ಟರು: ‘ಸದರಿ ವಿದ್ಯಾರ್ಥಿಯು ತಾಲೂಕು ಕ್ರೀಡಾಕೂಟಕ್ಕೆ ತೆರಳಿ, ಊಟ ಮಾಡಿ, ಕ್ಷೇಮವಾಗಿ ಮರಳಿರುತ್ತಾನೆ.’ ಕೆಳಗೆ ಸಹಿ, ದುಂಡನೆಯ ಮುದ್ರೆ. ತಂದೆ ಮುದ್ರೆ ನೋಡಿ ಕೈಮುಗಿದು ಹೋದರು. ಓದಿದ್ದು ಮನೆಗೆ ಹೋದ ಮೇಲೆ.

ಇಂಥವರು ಇದ್ದ ಶಾಲೆಯಲ್ಲಿಯೇ ‘ಭವಿಷ್ಯ ಮಾರ್ಗದರ್ಶನ ಕೋಶ’ ತೆರೆಯುವ ಯೋಗ ನನಗೆ ಬಂತು. ನಮ್ಮಲ್ಲಿ ಹೈಸ್ಕೂಲಿನ ಬೆನ್ನಿಗೇ ಪಿಯುಸಿ ಇದೆ. ದೂರದ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳು ಈಗ ಬರೀ ಅಂಕ ನೋಡುವುದಿಲ್ಲ, ಒಂಬತ್ತನೆಯ ತರಗತಿಯಿಂದ ಮಗು ಏನೇನು ಮಾಡಿದೆ, ಎಷ್ಟು ಸೇವೆ, ಎಂಥ ನಾಯಕತ್ವ ಎಂದೆಲ್ಲ ಕೇಳುತ್ತವೆ ಎಂಬ ಸುದ್ದಿ ನಮ್ಮ ಪೇಟೆಯ ವರ್ತಕರಿಗೆ ಮುಟ್ಟಿತ್ತು. ಆಡಳಿತ ಮಂಡಳಿ ಎರಡು ದಿನದ ಒಂದು ತರಬೇತಿಗೆ ನನ್ನನ್ನು ಕಳಿಸಿತು. ಮೂರನೆಯ ದಿನ ನಾನು ತಜ್ಞನಾಗಿದ್ದೆ. ಮುರುಕು ಬೆಂಚು ಒಟ್ಟಿದ್ದ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆಗೆ ನಾಲ್ಕು ಬಣ್ಣದ ಒಂದು ತಖ್ತೆ ಹಾಕಿದೆ. ಒಂಬತ್ತನೆಯ ತರಗತಿ: ಸಮಾಜಸೇವೆ. ಹತ್ತನೆಯದು: ಕ್ರೀಡೆ ಮತ್ತು ಕಲೆ. ಪಿಯುಸಿ ಮೊದಲ ವರ್ಷ: ಸಂಶೋಧನೆ. ಎರಡನೆಯ ವರ್ಷ: ಜೀವನದ ಗುರಿ. ಹದಿನೇಳು ತುಂಬುವುದರೊಳಗೆ ಜೀವನದ ಗುರಿಯನ್ನು ಒಂದು ಪುಟದಲ್ಲಿ ಬರೆದು ಮುಗಿಸಬೇಕಿತ್ತು.

ಸಮಾಜಸೇವೆಯ ಬಾಬ್ತು ನಾವು ಮಾಡಿದ ದೊಡ್ಡ ಕೆಲಸ ಸಸಿ ನೆಡುವುದು. ಸಸಿ ಒಂದೇ ಸಿಕ್ಕಿತ್ತು. ಶಾಲೆಯ ಗೇಟಿನ ಪಕ್ಕದಲ್ಲಿ ಆ ಒಂದೇ ಬೇವಿನ ಸಸಿಯನ್ನು ಹನ್ನೊಂದು ಮಕ್ಕಳು ಒಬ್ಬರಾದ ಮೇಲೊಬ್ಬರು ನೆಟ್ಟರು. ಹನ್ನೊಂದು ಫೋಟೋ ಬಂತು. ಪ್ರತಿ ಮಗುವೂ ಪರಿಸರಪ್ರೇಮಿಯಾಯಿತು. ಮಾಸ್ತರರು ದೂರದಿಂದ ನೋಡುತ್ತಿದ್ದವರು ನನ್ನ ಹತ್ತಿರ ಬಂದು, “ಗಣಿತಜ್ಞರ, ಆ ಸಸೀಗೆ ಒಮ್ಮಿ ಕೇಳ್ರಿ. ಎಲ್ಲೆ ಬೇರ ಬಿಡಬೇಕು ಅಂತ ತಿಳೀದ ನಿಂತೈತಿ ಪಾಪ,” ಎಂದರು. ನಾನು ನಕ್ಕೆ. ಅದು ಸಸಿಯ ಬಗ್ಗೆ ಆಡಿದ ಮಾತು ಎಂದುಕೊಂಡೆ.

ಅದೇ ದಿನಗಳಲ್ಲಿ ಶ್ರಾವಣಿಯ ತಂದೆ ಬಂದರು. ಪೇಟೆಯಲ್ಲಿ ಕಾಳುಕಡಿ ದಲ್ಲಾಳಿಯ ದೊಡ್ಡ ಅಡತಿ ಅಂಗಡಿ. ಊರೆಲ್ಲ ಅವರನ್ನು ಸಾವಕಾರ್ರು ಎನ್ನುತ್ತದೆ. ಮಗಳು ಆಗ ಹತ್ತನೆಯ ತರಗತಿ. ನನ್ನ ತಖ್ತೆಯನ್ನು ಅವರು ಫೋನಿನಲ್ಲಿ ಫೋಟೋ ಹೊಡೆದುಕೊಂಡು, ಒಂದೊಂದೇ ಖಾನೆ ತುಂಬಿಸುತ್ತ ಬಂದಿದ್ದರು. ಸೇವೆಯ ಖಾನೆಯಲ್ಲಿ ಬೇವಿನ ಸಸಿ ಆಗಿತ್ತು. ಕಲೆಯ ಖಾನೆಗೆ ಹಾರ್ಮೋನಿಯಂ ಬಂದಿತ್ತು, ಮನೆಗೆ ಮಾತ್ರ. ಬಾರಿಸುವುದು ಇನ್ನೂ ಬಂದಿರಲಿಲ್ಲ. ಉಳಿದದ್ದು ಕ್ರೀಡೆ. ನಾನು ಅವರನ್ನು ಮಾಸ್ತರರ ಬಳಿ ಕರೆದುಕೊಂಡು ಹೋದೆ.

“ಮಾಸ್ತರ, ನಮ್ಮ ಹುಡುಗೀಗೆ ಒಂದು ಆಟದ್ದು ಬೇಕಾಗೇತ್ರಿ,” ಎಂದರು ಸಾವಕಾರರು, ಔಷಧದ ಅಂಗಡಿಯಲ್ಲಿ ಕೇಳುವ ಹಾಗೆ.

“ಯಾವ ಆಟರಿ?”

“ಯಾವದಾದ್ರೂ ನಡೀತೈತಿ. ಭಾಳ ಬೆವರ ಬರಲಾರದ್ದು ಇದ್ರ ಚಲೋ.”

“ಬೆವರ ಬರಲಾರದ ಆಟ ಅಂದ್ರ ಈ ಗಣಿತಜ್ಞರ ಕೋಣ್ಯಾಗ ಆಡಸ್ತಾರ. ನನ್ನ ಹತ್ರ ಖೋಖೋ ಐತಿ. ನಾಳೆ ಮುಂಜಾನಿ ಆರಕ್ಕ ಬರ್ಲಿ.”

“ಆರಕ್ಕ ಆಕೀದು ಟ್ಯೂಷನ್ ಇರತೈತ್ರಿ.”

“ಹಂಗಾರ ಟ್ಯೂಷನ್ ಮಾಸ್ತರ ಕಡೆ ಬರಿಸ್ಕೊರಿ, ಚಲೋ ಓಡ್ತಾಳ ಅಂತ.”

ಮರುದಿನ ಆರಕ್ಕೆ ಶ್ರಾವಣಿ ಕಾರಿನಲ್ಲಿ ಬಂದಳು. ಬಿಳಿ ಹೊಸ ಬೂಟು. ಹಿಂದೆ ತಾಯಿ, ತಾಯಿಯ ಕೈಯಲ್ಲಿ ಬಾದಾಮಿ ಡಬ್ಬಿ. ಖೋಖೋದಲ್ಲಿ ಎಂಟು ಮಂದಿ ಸಾಲಾಗಿ ಕೂತಿರುತ್ತಾರೆ, ಒಬ್ಬಳು ಅಟ್ಟಿಸಿಕೊಂಡು ಹೋಗುತ್ತಾಳೆ, ಬೆನ್ನು ಮುಟ್ಟಿ ‘ಖೋ’ ಎಂದಾಗ ಕೂತವಳು ಎದ್ದು ಓಡಬೇಕು. ಶ್ರಾವಣಿ ಎದ್ದು, ಯಾವ ಕಡೆ ಓಡಬೇಕೆಂದು ಯೋಚಿಸಿ ಮುಗಿಸುವಷ್ಟರಲ್ಲಿ ಎದುರಿನ ಹುಡುಗಿ ಕಂಬ ಸುತ್ತಿ ಹೋಗಿ ಜಡೆ ಬಿಗಿದುಕೊಳ್ಳುತ್ತಿದ್ದಳು. ಮಾಸ್ತರರು ಅವಳನ್ನು ಕರೆದು, “ತಂಗಿ, ಏಳೂದು ಭಾಳ ಚಂದ ಎದ್ದಿ. ಓಡೂದು ನಾಳೆ ನೋಡೂಣು,” ಎಂದರು.

ಹದಿನೈದು ದಿನದಲ್ಲಿ ಬಿಡುತ್ತಾಳೆ ಎಂದು ನಾನು ಅಂದಾಜು ಹಾಕಿದ್ದೆ. ಎರಡನೆಯ ತಿಂಗಳು ಅವಳು ಕಾರು ಬಿಟ್ಟು ಸೈಕಲ್ ಮೇಲೆ ಬರತೊಡಗಿದಳು. ಬಾದಾಮಿ ಡಬ್ಬಿ ಬರುವುದು ನಿಂತಿತು. ಟ್ಯೂಷನ್ ಸಂಜೆಗೆ ಹೋಯಿತು. ಮೂರು ವರ್ಷ ಹೀಗೆ ನಡೆಯಿತು. ತಂಡಕ್ಕೆ ಅವಳು ಆಯ್ಕೆಯಾಗಲಿಲ್ಲ, ಬರುವುದನ್ನೂ ಬಿಡಲಿಲ್ಲ. ಇದರ ಅರ್ಥ ಏನೆಂದು ನಾನು ವಿಚಾರಿಸಲಿಲ್ಲ. ನನ್ನ ತಖ್ತೆಯಲ್ಲಿ ಕ್ರೀಡೆಯ ಖಾನೆಗೆ ಗುರುತು ಬಿದ್ದಿತ್ತು, ನನಗೆ ಅಷ್ಟು ಸಾಕಿತ್ತು.

ಈ ನಡುವೆ ಪಿಯುಸಿಗೆ ವಿಷಯ ಆರಿಸುವಾಗ ಶ್ರಾವಣಿ ನನ್ನ ಕೋಶಕ್ಕೆ ಬಂದು, “ಸರ್, ನಾ ಜೀವಶಾಸ್ತ್ರ ಬಿಟ್ಟು ಸಂಖ್ಯಾಶಾಸ್ತ್ರ ತಗೋಬೇಕಂತ ಮಾಡೇನ್ರಿ,” ಎಂದಿದ್ದಳು.

“ಯಾಕ?”

“ಲೆಕ್ಕ ಇಡೂದು ಸೇರತೈತ್ರಿ.”

ಗಣಿತದ ಮಾಸ್ತರನಾದವನು ಇಂಥ ಮಾತು ಕೇಳಿ ಪೇಢೆ ಹಂಚಬೇಕು. ನಾನು ತಖ್ತೆ ನೋಡಿದೆ. ಆಟಗಾರ್ತಿ, ಜೊತೆಗೆ ಜೀವಶಾಸ್ತ್ರ. ಕ್ರೀಡೆ ಮತ್ತು ದೇಹವಿಜ್ಞಾನ ಎಂದು ಒಂದು ಚೆಂದದ ಕಥೆ ಕಟ್ಟಬಹುದು ಎಂದು ನನ್ನ ತರಬೇತಿ ಹೇಳಿತು. ಸಂಖ್ಯಾಶಾಸ್ತ್ರಕ್ಕೆ ಕಥೆ ಇಲ್ಲ. ಜೀವಶಾಸ್ತ್ರವನ್ನೇ ಹಾಕಿಸಿದೆ. ಅವಳು ಎದುರು ಮಾತಾಡದೆ ಸಹಿ ಮಾಡಿದಳು.

ಎರಡನೆಯ ವರ್ಷ ಅರ್ಜಿ ಹಾಕುವ ಕಾಲ ಬಂತು. ತರಗತಿಯ ಹೊರಗೆ ಮಗುವನ್ನು ಬಲ್ಲ ಒಬ್ಬರಿಂದ ಪತ್ರ ಬೇಕಿತ್ತು. ಮಾಸ್ತರರಿಗೆ ಹೇಳಿದೆ. ಅವರು ಹಾಜರಿ ಪುಸ್ತಕದಿಂದ ಒಂದು ಹಾಳೆ ಹರಿದು, ನಿಂತಲ್ಲೇ ಕನ್ನಡದಲ್ಲಿ ಆರು ಸಾಲು ಬರೆದುಕೊಟ್ಟರು.

‘ಈ ಹುಡುಗಿಗೆ ಓಡಲು ಬರುವುದಿಲ್ಲ. ಮೂರು ವರ್ಷದಲ್ಲಿ ಒಮ್ಮೆಯೂ ತಂಡದಲ್ಲಿ ಆಡಿಲ್ಲ. ಒಂದು ದಿನವೂ ತಪ್ಪಿಸಿಲ್ಲ. ಎಲ್ಲರಿಗಿಂತ ಮೊದಲು ಬಂದು ಅಂಕಣಕ್ಕೆ ಸುಣ್ಣದ ಗೆರೆ ಹಾಕುವವಳು ಇವಳೇ. ಯಾರು ಎಷ್ಟು ಹೊತ್ತು ಔಟಾಗದೆ ನಿಂತರು ಎಂದು ದಿನವೂ ಬರೆದಿಡುತ್ತಾಳೆ, ಅದನ್ನು ನೋಡಿ ನಾನು ಓಟಗಾರರ ಸರದಿ ಬದಲಿಸಿದ ಮೇಲೆ ನಾವು ಜಿಲ್ಲೆಯಲ್ಲಿ ಗೆದ್ದೆವು. ನನ್ನ ನಂತರ ಈ ಮೈದಾನವನ್ನು ಯಾರಿಗೆ ಕೊಡುತ್ತೀರಿ ಎಂದರೆ ಇವಳಿಗೆ ಕೊಡುತ್ತೇನೆ.’

ನಾನು ಮೊದಲ ಎರಡು ಸಾಲಿಗೇ ಬೆವೆತೆ. ಉಳಿದ ನಾಲ್ಕನ್ನು ಕಣ್ಣು ಓದಿತು, ತಲೆ ಓದಲಿಲ್ಲ. ಓಡಲು ಬಾರದ ಹುಡುಗಿಯನ್ನು ಯಾವ ವಿಶ್ವವಿದ್ಯಾಲಯ ತೆಗೆದುಕೊಳ್ಳುತ್ತದೆ? ಮಾಸ್ತರರಿಗೆ ಇಮೇಲ್ ಇರಲಿಲ್ಲ. ಅವರ ಹೆಸರಿನಲ್ಲಿ ತೆರೆದುಕೊಟ್ಟವನು ನಾನೇ, ಪಾಸ್‌ವರ್ಡೂ ನನ್ನ ಹತ್ತಿರವೇ. ಇಂಗ್ಲಿಷಿಗೆ ಅನುವಾದ ಮಾಡಲು ಕೂತೆ. ಮಾಡಿ ಮುಗಿಸುವ ಹೊತ್ತಿಗೆ ಆರು ಸಾಲು ಎರಡು ಪುಟವಾಗಿತ್ತು. ಶ್ರಾವಣಿ ತಂಡದ ನಾಯಕಿಯಾಗಿದ್ದಳು. ಜಿಲ್ಲಾ ಅಂತಿಮ ಪಂದ್ಯದಲ್ಲಿ ಕಾಲು ಉಳುಕಿದರೂ ಛಲ ಬಿಡದೆ ಮೂವರನ್ನು ಔಟು ಮಾಡಿದ್ದಳು. ಕಾಲು ಉಳುಕಿಸಿದ್ದು ನನಗೇ ಭಾಳ ಹಿಡಿಸಿತ್ತು. ಕಳಿಸಿ, ಚಹಾ ಕುಡಿದೆ.

ಸಂದರ್ಶನ ನಮ್ಮ ಕಂಪ್ಯೂಟರ್ ಕೋಣೆಯಲ್ಲೇ, ವಿಡಿಯೋದಲ್ಲಿ. ನಾನು ಬಾಗಿಲ ಹೊರಗೆ ನಿಂತಿದ್ದೆ. ಇಪ್ಪತ್ತು ನಿಮಿಷದ ಮೇಲೆ ಶ್ರಾವಣಿ ಹೊರಗೆ ಬಂದಳು.

“ಸರ್, ನಾ ಕ್ಯಾಪ್ಟನ್ ಅಂತ ಅವ್ರಿಗೆ ಹೆಂಗ ಗೊತ್ತಾತ್ರಿ?”

“ನೀ ಏನ ಅಂದಿ?”

“ನಾ ಕ್ಯಾಪ್ಟನ್ ಅಲ್ರಿ, ನನಗ ಓಡಾಕ ಬರೂದಿಲ್ಲ, ಗೆರಿ ಹಾಕ್ತೀನಿ ಅಂದೆ. ಅವ್ರು ಒಬ್ಬರ ಮಾರಿ ಒಬ್ಬರು ನೋಡಿದ್ರು.”

“ಏನೋ ತಪ್ಪಾಗಿರಬೇಕು,” ಎಂದೆ. ಆ ದಿನ ನಾನು ಆಡಿದ ಒಂದೇ ನಿಜ ಅದು.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಮಾಸ್ತರರ ಫೋನು ಮೊಳಗಿತು. ಅವರು ರೂಢಿಯಂತೆ ಸ್ಪೀಕರ್ ಹಾಕಿದರು. ಆ ಕಡೆಯಿಂದ ಬೆಂಗಳೂರು ಕನ್ನಡದ ಒಂದು ಹೆಣ್ಣು ದನಿ. ವಿಶ್ವವಿದ್ಯಾಲಯದ ಪ್ರವೇಶ ವಿಭಾಗದವರು. ಪತ್ರದಲ್ಲಿರುವುದಕ್ಕೂ ಹುಡುಗಿ ಹೇಳಿದ್ದಕ್ಕೂ ತಾಳೆಯಾಗುತ್ತಿಲ್ಲ ಎಂದರು. ನನ್ನ ಎರಡು ಪುಟವನ್ನು ಕನ್ನಡದಲ್ಲಿ ಹೇಳುತ್ತ ಹೋದರು. ಉಳುಕಿದ ಕಾಲಿನ ಹತ್ತಿರ ಬಂದಾಗ ಮಾಸ್ತರರು ಬಡೇಸೋಪು ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಒಂದೇ ಲೆಕ್ಕಕ್ಕೆ ಮೂರು ಸಲ ಅಂಕ ಹಾಕಿದೆ.

“ಸರ್, ಇದು ನೀವೇ ಬರೆದಿದ್ದಾ?”

“ಪತ್ರ ಬರದವ ನಾನರಿ. ಆದ್ರ ನೀವು ಓದಿದ್ದು ನಂದಲ್ಲ.”

“ಹಾಗಂದ್ರೆ?”

“ನಡುವ ಅನುವಾದದಾಗ ಹುಡುಗಿ ಭಾಳ ಜೋರ ಓಡ್ಯಾಳ್ರಿ.”

ಮಾಸ್ತರರು ತಮ್ಮ ಆರು ಸಾಲನ್ನು ನಿಧಾನವಾಗಿ ಬಾಯಿಂದ ಹೇಳಿ ಬರೆಸಿದರು. ಅನುವಾದ ಯಾರು ಮಾಡಿದ್ದು ಎಂದು ಆ ಕಡೆಯವರು ಕೇಳಿದಾಗ, “ಅದು ನಮ್ಮ ಸಾಲಿ ಮಾತು, ನಾವು ನೋಡ್ಕೊಂತೀವ್ರಿ. ಹುಡುಗೀಗೆ ಇದೇನೂ ಗೊತ್ತಿಲ್ಲ. ಅಷ್ಟು ದೊಡ್ಡ ಅಕ್ಷರದಾಗ ಬರ್ಕೊಳ್ರಿ,” ಎಂದು ಫೋನು ಇಟ್ಟರು.

ಕೋಣೆಯಲ್ಲಿ ನಾವಿಬ್ಬರೇ. ಬಯ್ಯುತ್ತಾರೆ ಎಂದು ಕಾದೆ.

“ನಾಳೆ ಮುಂಜಾನಿ ಆರಕ್ಕ ಬರ್ರಿ,” ಎಂದರು.

ಹೋದೆ. ಶ್ರಾವಣಿ ಆಗಲೇ ಸುಣ್ಣದ ಬಕೆಟ್ಟು ಹಿಡಿದು ಗೆರೆ ಹಾಕುತ್ತಿದ್ದಳು. ಹುಡುಗಿಯರು ಇನ್ನೂ ಬಂದಿರಲಿಲ್ಲ. ಮಾಸ್ತರರು ಕಂಬದ ಹತ್ತಿರವೇ ನಿಂತು, “ಆಕೀಗೆ ನೀವ ಹೇಳ್ರಿ. ನಾ ಹೇಳಾಂಗಿಲ್ಲ,” ಎಂದರು. ಹೇಳಿದೆ. ಇಮೇಲು, ಎರಡು ಪುಟ, ಉಳುಕಿದ ಕಾಲು, ಎಲ್ಲ. ಶ್ರಾವಣಿ ಬಕೆಟ್ಟು ಕೆಳಗಿಟ್ಟು ಕೇಳಿದಳು. ಅಳಲಿಲ್ಲ. ಕೊನೆಗೆ ಒಂದೇ ಪ್ರಶ್ನೆ.

“ನನ್ನ ಬಗ್ಗೆ ಖರೇ ಬರದ್ರ ಕಡಿಮಿ ಬೀಳತಿತ್ತು ಅನಿಸ್ತೇನ್ರಿ ಸರ್ ನಿಮಗ?”

ಅವಳ ನೋಟ್‌ಬುಕ್ಕು ಕಂಬದ ಬುಡದಲ್ಲಿತ್ತು. ತೆರೆದು ನೋಡಿದೆ. ಹೊಳೆಆಲೂರಿನಿಂದ ಬರುವ ಒಬ್ಬ ಕೂಲಿಯವರ ಮಗಳು ನಮ್ಮ ತಂಡದ ಎಲ್ಲರಿಗಿಂತ ಒಳ್ಳೆಯ ಓಟಗಾರ್ತಿ. ಖೋಖೋದಲ್ಲಿ ಓಟಗಾರರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಅವಳನ್ನು ಮೊದಲ ಮೂವರಲ್ಲಿ ಬಿಟ್ಟರೆ ಎಷ್ಟು ಹೊತ್ತು, ಎದುರಾಳಿಗಳು ದಣಿದ ಮೇಲೆ ಎರಡನೆಯ ಮೂವರಲ್ಲಿ ಬಿಟ್ಟರೆ ಎಷ್ಟು ಹೊತ್ತು ಎಂದು ಸರಾಸರಿ ತೆಗೆದು, ಪಕ್ಕದಲ್ಲಿ ನಕ್ಷೆ ಎಳೆದಿದ್ದಳು. ಇಡೀ ವರ್ಷದ್ದು. ಪಾಠದಲ್ಲಿ ನಾನು ಸರಾಸರಿ ಕಲಿಸುವಾಗ ಬಸ್ಸಿನ ವೇಗ, ನಳದ ನೀರು ಎಂದು ಪುಸ್ತಕದ ಲೆಕ್ಕಗಳನ್ನೇ ಕೊಡುತ್ತಿದ್ದೆ. ತಖ್ತೆಯ ‘ಸಂಶೋಧನೆ’ ಖಾನೆಗೆ ಶ್ರಾವಣಿಯ ಹೆಸರಿನಲ್ಲಿ ನಾನು ಹಾಕಿಸಿದ್ದು ಅಂತರ್ಜಾಲದಿಂದ ಇಳಿಸಿಕೊಂಡ ತುಳಸಿ ಎಲೆಯ ಔಷಧೀಯ ಗುಣಗಳು.

ವಿಶ್ವವಿದ್ಯಾಲಯದಿಂದ ಎರಡು ಸಾಲಿನ ಉತ್ತರ ಬಂತು. ವಿಷಾದಿಸಿದ್ದರು. ಕಾರಣ ಬರೆದಿರಲಿಲ್ಲ.

ಸಾವಕಾರರು ನೇರವಾಗಿ ಮಾಸ್ತರರ ಮೇಲೆ ಬಂದರು. ವಿಶ್ವವಿದ್ಯಾಲಯಕ್ಕೆ ವಿಚಾರಿಸಿದಾಗ ಫೋನಿನ ಸುದ್ದಿ ಅವರಿಗೆ ಮುಟ್ಟಿತ್ತು, ಪತ್ರ ಬದಲಿಸಿದವನು ನಾನೆಂಬುದು ಮುಟ್ಟಿರಲಿಲ್ಲ.

“ಹೌದು ಅಂತ ಒಂದು ಮಾತು ಅಂದಿದ್ರ ನಿಮ್ಮದು ಏನ ಹೋಗತಿತ್ರಿ?”

“ನಂದೇನೂ ಹೋಗತಿರಲಿಲ್ರಿ,” ಎಂದರು ಮಾಸ್ತರರು. “ನಿಮ್ಮ ಮಗಳು ಖರೇ ಹೇಳಿ ಬಂದಿದ್ಲು. ನಾ ಹೌದು ಅಂದಿದ್ರ ಆಕಿ ಸುಳ್ಳಿ ಆಗತಿದ್ಲು.”

ಸಾವಕಾರರು ಆಡಳಿತ ಮಂಡಳಿಗೆ ದೂರು ಕೊಟ್ಟರು. ಮಂಡಳಿ ಮಾಸ್ತರರಿಂದ ಲಿಖಿತ ವಿವರಣೆ ಕೇಳಿತು. ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಅವರು ಒಂದೇ ಸಾಲು ಬರೆದರು: ‘ಫೋನಿನಲ್ಲಿ ನಿಜ ಹೇಳಿದ್ದು ಹೌದು.’ ನನ್ನ ಹೆಸರು ಅದರಲ್ಲಿ ಇರಲಿಲ್ಲ. ನಾನು ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನವೂ ಅವರು ಪಕ್ಕದ ಕುರ್ಚಿಯಲ್ಲಿ ಕೂತು ಬಡೇಸೋಪಿನ ಡಬ್ಬಿಯನ್ನು ನನ್ನ ಕಡೆ ಸರಿಸುತ್ತಿದ್ದರು. ಅದನ್ನು ತಿನ್ನುವುದು ಬಹಳ ಕಷ್ಟವಾಗುತ್ತಿತ್ತು. ನಾಲ್ಕನೆಯ ದಿನ ಅಧ್ಯಕ್ಷರ ಮನೆಗೆ ಹೋಗಿ ಎಲ್ಲ ಹೇಳಿ, ಬರೆದೂ ಕೊಟ್ಟೆ.

ನನ್ನ ಕೋಶ ಮುಚ್ಚಿತು. ತಖ್ತೆ ಇಳಿಯಿತು, ಮುರುಕು ಬೆಂಚುಗಳು ಮತ್ತೆ ಒಳಗೆ ಬಂದವು. ಮುಂದೆ ಯಾವ ವಿದ್ಯಾರ್ಥಿಯ ಬಗ್ಗೆಯೂ ನಾನು ಶಿಫಾರಸು ಬರೆಯಕೂಡದು, ಶಾಲೆಯ ವೇದಿಕೆಯಲ್ಲಿ ಮಾತಾಡಕೂಡದು ಎಂದು ಠರಾವಾಯಿತು. ಮಕ್ಕಳ ಹಿತಕ್ಕಾಗಿ ನಮ್ಮ ಮಂಡಳಿ ಮಾಡಿದ ಅತ್ಯುತ್ತಮ ಠರಾವು ಅದೇ. ಸಾವಕಾರರು ಇಂದಿಗೂ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ಶ್ರಾವಣಿ ಧಾರವಾಡದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಇಟ್ಟುಕೊಂಡು ಬಿ.ಎಸ್ಸಿ. ಸೇರಿದಳು. ಅಲ್ಲಿ ಅಂಕಪಟ್ಟಿ ಮತ್ತು ಎರಡು ಫೋಟೋ ಕೇಳಿದರು, ಜೀವನದ ಗುರಿ ಕೇಳಲಿಲ್ಲ. ಅಲ್ಲಿಗೆ ಹೋಗುವ ತನಕ, ಪರೀಕ್ಷೆ ಮುಗಿದು, ಅರ್ಜಿ ಮುಗಿದು, ಮೈದಾನದಿಂದ ಸಿಗುವುದು ಏನೂ ಉಳಿದಿರದ ಆ ಎರಡು ತಿಂಗಳು, ಅವಳು ದಿನವೂ ಆರಕ್ಕೆ ಬಂದಳು. ಒಂದು ಬದಿಯ ಗೆರೆ ಅವಳು ಹಾಕುತ್ತಿದ್ದಳು, ಇನ್ನೊಂದು ಬದಿಯದು ನಾನು. ನನ್ನ ಗೆರೆ ಸೊಟ್ಟಗಾದರೆ ಮಾಸ್ತರರು ಹತ್ತಿರ ಬಂದು, “ಗಣಿತಜ್ಞರ, ಸರಳ ರೇಖೆ ಅಂದ್ರ ಎರಡು ಬಿಂದು ಸಾಕಂತ ನೀವ ಕಲಸ್ತೀರಲ್ಲ,” ಎನ್ನುತ್ತಿದ್ದರು.

ಕಳೆದ ಭಾನುವಾರ ಇದನ್ನೆಲ್ಲ ಬರೆದುಕೊಂಡು ಹೊಳೆಆಲೂರಿಗೆ, ಮಾಸ್ತರರ ಮನೆಗೆ ಹೋದೆ. ಅವರ ಒಪ್ಪಿಗೆ ಇಲ್ಲದೆ ಅವರ ಬಗ್ಗೆ ಒಂದು ಸಾಲನ್ನೂ ಎಲ್ಲಿಗೂ ಕಳಿಸುವ ಧೈರ್ಯ ನನಗಿಲ್ಲ. ಕಟ್ಟೆಯ ಮೇಲೆ ಕೂತು ಪೂರ್ತಿ ಓದಿದೆ. ಅವರು ಬಲಗಿವಿ ನನ್ನ ಕಡೆ ಮಾಡಿ ಕೇಳಿದರು.

“ಹೆಸರ ಹಾಕಬ್ಯಾಡ್ರಿ,” ಎಂದರು.

“ಯಾಕ್ರಿ?”

“ನೀವು ಬರದಿದ್ದರಾಗ ನಾ ಭಾಳ ಚಲೋ ಮನಶ್ಯಾ ಆಗೇನಿ. ಹೆಸರ ಹಾಕಿದ್ರ ಮಂದಿ ಗುರುತ ಹಿಡಿಯಾಂಗಿಲ್ಲ.”

ನಾನು ನಕ್ಕೆ. ಅವರು ನಗಲಿಲ್ಲ. ನಾನು ಕೇಳದಿದ್ದ ಒಂದು ಸಂಗತಿ ಹೇಳಿದರು.

ನರಗುಂದದಲ್ಲಿದ್ದ ಮೊದಲ ವರ್ಷಗಳ ಮಾತು. ಶಿರೋಳದಿಂದ ಒಬ್ಬ ಹುಡುಗಿ ಬರುತ್ತಿದ್ದಳಂತೆ. ಹತ್ತನೆಯ ತರಗತಿ. ಅಂಥ ಓಟ ಅವರು ಮತ್ತೆ ನೋಡಿಲ್ಲ. ವಿಭಾಗ ಮಟ್ಟದ ಪಂದ್ಯ ಹತ್ತಿರ ಬಂದಾಗ ಒಂದು ವಾರ ಆಕೆ ಮೈದಾನಕ್ಕೆ ಬರಲಿಲ್ಲ. ಎಂಟನೆಯ ದಿನ ತಡವಾಗಿ ಬಂದು ಮೂಲೆಯಲ್ಲಿ ನಿಂತಳು. ಮಾಸ್ತರರು ತಂಡದ ಎಲ್ಲರೆದುರು, ತಮ್ಮ ಸಣ್ಣ ದನಿಯಲ್ಲಿ, “ಮಹಾರಾಣ್ಯಾರು ಬಂದ್ರು, ಯಾರರ ಕುರ್ಚಿ ತರ್ರಿ,” ಎಂದರು. ಎಲ್ಲರೂ ನಕ್ಕರು. ಆ ಹುಡುಗಿಯೂ ನಕ್ಕಳು. ಮರುದಿನ ಆಕೆ ಬರಲಿಲ್ಲ. ಮೈದಾನಕ್ಕೂ ಇಲ್ಲ, ಶಾಲೆಗೂ ಇಲ್ಲ. ತಾಯಿ ದವಾಖಾನೆಯಲ್ಲಿದ್ದಳು, ತಾಯಿಯ ಬದಲು ಆ ವಾರ ಮೆಣಸಿನಕಾಯಿ ಬಿಡಿಸಲು ಈಕೆ ಹೋಗಿದ್ದಳು ಎಂದು ಮಾಸ್ತರರಿಗೆ ಆಮೇಲೆ ತಿಳಿಯಿತು. ಮೂರು ಸಲ ಶಿರೋಳಕ್ಕೆ ಹೋದರು. ಮೂರು ಸಲವೂ ಹುಡುಗಿ ಒಳಗಿನಿಂದ ಹೊರಗೆ ಬರಲಿಲ್ಲ. ನಾಲ್ಕನೆಯ ಸಲ ಹೋದಾಗ ಮದುವೆಯಾಗಿ ಹೋಗಿದ್ದಳು.

“ಆಕಿ ನಕ್ಕಿದ್ದು ನೋಡಿ ನಾ ತಿಳಕೊಂಡೆ, ಏನೂ ಆಗಿಲ್ಲ ಅಂತ,” ಎಂದರು ಮಾಸ್ತರರು. “ಇದನ್ನ ಹಾಕ್ರಿ. ಹಾಕಾಂಗಿಲ್ಲಂದ್ರ ಉಳದದ್ದೂ ಹಾಕಬ್ಯಾಡ್ರಿ.”

ಅವರು ಹೇಳಿದಷ್ಟನ್ನೇ ಹಾಕಿದ್ದೇನೆ.